ತಪಾಸಣೆಯ ಅಧಿಕಾರವೂ ಬೆಳೆಗಾರನ ಅಂಗಳವೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಹಾಗಿದ್ದೂ ಈ ಸಲ ನಾವು ಸುಂಕದವರ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಇದಕ್ಕೆ ಕಾರಣವುಂಟು. ನಮ್ಮ ಸಂಘದ ಸಭೆಗಳಲ್ಲಿ ಇತ್ತೀಚೆಗೆ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತಿವೆ. ಮೊದಲನೆಯದು, ‘ಹೊರದೇಶದ ಕಳ್ಳ ಅಡಿಕೆ ಬಂದು ನಮ್ಮ ಧಾರಣೆ ಬೀಳುತ್ತಿದೆ, ಸರ್ಕಾರದವರು ಗೋದಾಮುಗಳ ಬೀಗ ಒಡೆದು ನೋಡಬಾರದೇಕೆ?’ ಎಂಬುದು. ಎರಡನೆಯದು, ‘ತೆರಿಗೆಯವರು ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುತ್ತಾರೆ, ಈ ತಪಾಸಣೆಯ ಅಧಿಕಾರವನ್ನೇ ಕಿತ್ತುಹಾಕಬೇಕು’ ಎಂಬುದು. ವಿಚಿತ್ರವೆಂದರೆ ಅನೇಕ ವೇಳೆ ಈ ಎರಡು ಮಾತನ್ನೂ ಆಡುವವರು ಒಬ್ಬರೇ ಆಗಿರುತ್ತಾರೆ. ಅಂಥವರ ಗುಂಪಿನಲ್ಲಿ ನಾವೂ ಇದ್ದೆವೆಂದು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇವೆ.

ವೀರನಹೊಸಹಳ್ಳಿಯವರಾದ ನಮಗೆ ತಪಾಸಣೆಯೆಂಬುದು ಹೊಸದೇನಲ್ಲ. ನಾಗರಹೊಳೆಯ ಅರಣ್ಯದ ಗೇಟು ನಮ್ಮ ಊರ ಬಾಗಿಲಲ್ಲೇ ಇದೆ. ಒಳಹೋಗುವ ಗಾಡಿಯನ್ನು ಅಲ್ಲಿ ನಿಲ್ಲಿಸುತ್ತಾರೆ, ನಂಬರು ಬರೆದುಕೊಳ್ಳುತ್ತಾರೆ, ಕತ್ತಲಾದ ಮೇಲೆ ಬಿಡುವುದಿಲ್ಲ. ಇದರಿಂದ ತೊಂದರೆ ಇಲ್ಲವೆಂದಲ್ಲ. ಆದರೂ ಇಷ್ಟು ವರ್ಷಗಳಲ್ಲಿ ಆ ಗೇಟಿನಿಂದ ತನ್ನ ಮಾನ ಹೋಯಿತೆಂದು ಹೇಳಿದವರನ್ನು ನಾವು ಕಂಡಿಲ್ಲ. ಗೇಟು ಇರುವ ಜಾಗ ಎಲ್ಲರಿಗೂ ಗೊತ್ತು, ನಿಯಮ ಎಲ್ಲರಿಗೂ ಒಂದೇ, ನಿಲ್ಲಿಸಿದ್ದಕ್ಕೆ ಪುಸ್ತಕದಲ್ಲಿ ಬರಹವುಂಟು. ಅದೇ ಕಾವಲುಗಾರ ನಡುರಾತ್ರಿ ನಮ್ಮ ಮನೆಗೆ ಬಂದು, ಯಾಕೆ ಏನು ಎಂದು ಹೇಳದೆ ಅಟ್ಟ ಹತ್ತಿದರೆ ನಮ್ಮ ಮಾತು ಬೇರೆಯಾಗುತ್ತದೆ. ಆದ್ದರಿಂದ ತಪಾಸಣೆ ಇರಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಅದು ಎಲ್ಲಿ ನಡೆಯಬೇಕು, ಯಾರ ಸಹಿಯ ಮೇಲೆ ನಡೆಯಬೇಕು, ನಡೆದದ್ದಕ್ಕೆ ದಾಖಲೆ ಏನು ಎಂಬುದೇ ಪ್ರಶ್ನೆ.

ಹೊಗೆಸೊಪ್ಪಿನ ಕಾಲದ ಪಾಠ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಿರಿಯ ಬೆಳೆಗಾರರಿಗೆ ಈ ಪ್ರಶ್ನೆಯ ಉತ್ತರ ಪುಸ್ತಕದಿಂದ ಬಂದದ್ದಲ್ಲ, ಹೊಗೆಸೊಪ್ಪಿನಿಂದ ಬಂದದ್ದು. 1943ರಲ್ಲಿ ಬ್ರಿಟಿಷ್ ಸರ್ಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ಹಾಕಿತು. ಮರುವರ್ಷ, 1944ರಲ್ಲಿ, ಕೇಂದ್ರ ಅಬಕಾರಿ ಮತ್ತು ಉಪ್ಪಿನ ಕಾಯಿದೆ ಬಂದಿತು. ಕಾರ್ಖಾನೆಯಿಂದ ಹೊರಬೀಳುವ ಸಿಗರೇಟಿಗೆ ಮಾತ್ರವಲ್ಲ, ರೈತನು ಹದಮಾಡಿದ ಎಲೆಗೂ ಸುಂಕ. ಸುಂಕ ಎಲೆಯ ಮೇಲೆ ಕೂತಮೇಲೆ ಸುಂಕದವನೂ ಎಲೆಯ ಹಿಂದೆಯೇ ಬರಬೇಕಷ್ಟೆ. ಬೆಳೆದವನು ಬೆಳೆಯ ವಿವರ ಕೊಡಬೇಕು, ಹದಮಾಡುವವನು ಲೈಸೆನ್ಸು ಪಡೆಯಬೇಕು, ಎಲೆಯನ್ನು ಅತ್ತಿತ್ತ ಸಾಗಿಸಲು ಪರವಾನಗಿ ಬೇಕು. ಇಷ್ಟನ್ನು ನೋಡಿಕೊಳ್ಳಲು ಮನೆ, ಬ್ಯಾರನ್, ದಾಸ್ತಾನು ಎಲ್ಲ ಕಡೆಗೂ ಅಧಿಕಾರಿಗೆ ಪ್ರವೇಶ.

ಒಣಗಿದ ಎಲೆ ತೂಕ ಕಳೆದುಕೊಳ್ಳುವುದು ಪ್ರಕೃತಿಯ ನಿಯಮ. ಆದರೆ ಮೊದಲ ತೂಕಕ್ಕೂ ಎರಡನೆಯ ತೂಕಕ್ಕೂ ತಾಳೆ ಬೀಳದಿದ್ದರೆ ಸಮಜಾಯಿಷಿ ಕೊಡಬೇಕಾಗಿದ್ದವನು ರೈತ. ಸಮಜಾಯಿಷಿ ಹೇಗೆ ಮುಗಿಯುತ್ತಿತ್ತೆಂಬುದನ್ನು ನಮ್ಮ ತಂದೆಯವರು ನಗುತ್ತಲೇ ಹೇಳುತ್ತಿದ್ದರು. ಆ ನಗುವಿನಲ್ಲಿ ಸಂತೋಷವಿರುತ್ತಿರಲಿಲ್ಲ. ಬಂದವರಿಗೆ ಕೋಳಿ, ಬೆಣ್ಣೆ, ಮರಳುವಾಗ ಒಂದು ಮೂಟೆ ಬತ್ತ. ಇದನ್ನು ಲಂಚವೆಂದು ಯಾರೂ ಕರೆಯುತ್ತಿರಲಿಲ್ಲ, ಮರ್ಯಾದೆ ಎನ್ನುತ್ತಿದ್ದರು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. 1968ರಲ್ಲಿ ಸರ್ಕಾರ ಕಾರ್ಖಾನೆಗಳಿಗೆ ಸ್ವಯಂ ತೆರವು ಪದ್ಧತಿಯನ್ನು ತಂದಿತು. ಅಂದರೆ ಕಾರ್ಖಾನೆಯವನು ತಾನೇ ಲೆಕ್ಕ ಬರೆದು, ತಾನೇ ಸುಂಕ ಕಟ್ಟಿ ಮಾಲು ಸಾಗಿಸಬಹುದು, ಪ್ರತಿ ಸಲ ಅಧಿಕಾರಿ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. 1969ರಲ್ಲಿ ಇದು ಹೆಚ್ಚು ಕಡಿಮೆ ಎಲ್ಲ ಸರಕಿಗೂ ವಿಸ್ತರಿಸಿತು. ಹೊರಗುಳಿದದ್ದು ಎಲೆ ತಂಬಾಕು. ಗಿರಣಿಯ ಮಾಲೀಕನ ಲೆಕ್ಕವನ್ನು ನಂಬಿದ ಸರ್ಕಾರ ರೈತನ ಬ್ಯಾರನ್ನನ್ನು ನಂಬಲಿಲ್ಲ.

ಈ ಅವಸ್ಥೆ ಕೊನೆಗೊಂಡದ್ದು 1979ರಲ್ಲಿ. ಚೌಧರಿ ಚರಣ್ ಸಿಂಗರು ಹಣಕಾಸು ಸಚಿವರಾಗಿ ಮಂಡಿಸಿದ ಬಜೆಟ್ಟಿನಲ್ಲಿ ಎಲೆ ತಂಬಾಕಿನ ಮೇಲಿನ ಸುಂಕವನ್ನು ಕೈಬಿಟ್ಟು, ತಯಾರಾದ ತಂಬಾಕಿನ ಸರಕುಗಳ ಮೇಲೆ ಹೊರಿಸಲಾಯಿತು. ತಂಬಾಕಿನ ಮೇಲಿನ ತೆರಿಗೆ ಇದರಿಂದ ಮುಗಿದುಹೋಗಲಿಲ್ಲ, ವಸೂಲಿ ಮಾಡುವ ಜಾಗ ಮಾತ್ರ ಬದಲಾಯಿತು. ಅಷ್ಟರಿಂದಲೇ ಲೆಕ್ಕವಿಲ್ಲದಷ್ಟು ಬ್ಯಾರನ್ನುಗಳ ಬಾಗಿಲಿಗೆ ಹೋಗುವ ಅವಶ್ಯಕತೆ ಇಲ್ಲವಾಯಿತು. ಮುಂದೆ 1984ರಲ್ಲಿ ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ತಂದಮೇಲೆ, ಕಟ್ಟೆಮಳಲವಾಡಿ, ಕಂಪಲಾಪುರದಂತಹ ಹರಾಜು ಕಟ್ಟೆಗಳಲ್ಲಿ ಬೇಲು ಎಲ್ಲರ ಕಣ್ಣೆದುರು ತೂಗಿ ಲೆಕ್ಕಕ್ಕೆ ಸೇರುವ ವ್ಯವಸ್ಥೆ ಬಂದಿತು. ಮಂಡಳಿಯ ವಿಷಯದಲ್ಲಿ ನಮ್ಮವರಿಗೆ ಬೇರೆ ತಕರಾರುಗಳು ಬೇಕಾದಷ್ಟಿವೆ. ಆದರೆ ಅಟ್ಟ ಹತ್ತುವ ಅಧಿಕಾರಿಗಿಂತ ಕಟ್ಟೆಯ ಮೇಲೆ ನಿಂತ ತಕ್ಕಡಿ ಎಷ್ಟೋ ಮೇಲೆಂಬುದರಲ್ಲಿ ತಕರಾರಿಲ್ಲ.

ಕೆರೆಯ ನೀರನ್ನು ಅಳೆಯಬೇಕಾದವನು ತೂಬಿನ ಬಳಿ ನಿಲ್ಲಬೇಕು. ಗದ್ದೆಗದ್ದೆಗೂ ಓಡಿದರೆ ನೀರೂ ಸಿಗದು, ಪೈರೂ ತುಳಿತಕ್ಕೆ ಸಿಕ್ಕೀತು. ಹೊಗೆಸೊಪ್ಪಿನ 36 ವರ್ಷಗಳ ಅನುಭವದಿಂದ ನಾವು ಕಲಿತದ್ದು ಇಷ್ಟೇ.

ಕಾಫಿಯ ಕಥೆಯೂ ಬೇರೆಯಲ್ಲ. 1942ರ ಕಾಯಿದೆಯ ಮೇರೆಗೆ ಬೆಳೆದ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಸೇರಬೇಕು, ಮನೆಬಳಕೆಗೂ ಬೀಜಕ್ಕೂ ಬಿಟ್ಟದ್ದನ್ನು ಕಳೆದು ಉಳಿದದ್ದನ್ನು ಹೊರಗೆ ಮಾರಿದರೆ ಅಪರಾಧ. ಹೀಗೆ ತಾನು ನೆಟ್ಟು, ತಾನು ಕೊಯ್ದ ಹಣ್ಣಿಗೆ ಬೆಳೆಗಾರನೇ ಕಳ್ಳಸಾಗಣೆದಾರನಾಗುವ ಸ್ಥಿತಿ ಬಂದಿತ್ತು. 1992ರಿಂದ ಹಂತಹಂತವಾಗಿ ಬಿಗಿ ಸಡಿಲಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಲ್ಲಿಗೆ ‘ಕಳ್ಳ ಕಾಫಿ’ ಎಂಬ ಮಾತೇ ಮಾಯವಾಯಿತು. ಕೆಲವು ಕಳ್ಳತನಗಳನ್ನು ಕಾಯಿದೆಯೇ ಹುಟ್ಟಿಸುತ್ತದೆ, ಕಾಯಿದೆ ಹೋದರೆ ಅವೂ ಹೋಗುತ್ತವೆ.

ಅಡಿಕೆಯ ಕಳ್ಳತನ ಅಂಥದಲ್ಲ

ಹೀಗೆಂದು ಎಲ್ಲ ತಪಾಸಣೆಯೂ ಅನ್ಯಾಯವೆಂದು ಹೊರಟರೆ ನಾವು ನಮ್ಮ ಕಾಲಿಗೇ ಕೊಡಲಿ ಹಾಕಿಕೊಂಡಂತೆ. ಅಡಿಕೆಯ ವಿಷಯದಲ್ಲಿ ಕಳ್ಳಸಾಗಣೆ ನಿಜವಾದ ಕಳ್ಳತನ, ಕದ್ದುಹೋಗುತ್ತಿರುವುದು ನಮ್ಮದೇ ಧಾರಣೆ.

ಹೊರದೇಶದ ಅಡಿಕೆಗೆ ನೂರಕ್ಕೆ ನೂರು ಆಮದು ಸುಂಕವಿದೆ. ಅದರ ಜೊತೆಗೆ ಕನಿಷ್ಠ ಆಮದು ಬೆಲೆಯೂ ಇದೆ. 2017ರಲ್ಲಿ ಕಿಲೋಗೆ 251 ರೂಪಾಯಿಗೆ ನಿಗದಿಯಾಗಿದ್ದ ಈ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಕಾಗದದ ಮೇಲೆ ಇದು ಗಟ್ಟಿ ಬೇಲಿ. ಆದರೆ ಬೇಲಿ ಎತ್ತರವಾದಷ್ಟೂ ಕೆಳಗೆ ನುಸುಳಿದವನ ಲಾಭವೂ ದೊಡ್ಡದಾಗುತ್ತದೆ. ಬರ್ಮಾ ಗಡಿಯಿಂದ ಮಿಜೋರಾಂ, ಅಸ್ಸಾಂ ದಾರಿಯಾಗಿ ಮೂಟೆಗಳು ಬರುತ್ತವೆ. ಬಂದರುಗಳಲ್ಲಿ ಬೇರೆ ಸರಕಿನ ಹೆಸರು ಬರೆದ ಕಂಟೈನರುಗಳಿಂದ ಅಡಿಕೆ ಹೊರಬಿದ್ದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

ಇನ್ನೂ ಜಾಣತನದ ದಾರಿಯೊಂದಿತ್ತು. ಅಡಿಕೆಯನ್ನು ಹುರಿದು, ಇದು ಅಡಿಕೆಯಲ್ಲ, ಸಂಸ್ಕರಿಸಿದ ಪದಾರ್ಥ ಎಂದು ಬೇರೆ ಶೀರ್ಷಿಕೆಯಲ್ಲಿ ತರಿಸಿಕೊಂಡರೆ ಕನಿಷ್ಠ ಬೆಲೆಯ ನಿಯಮ ತಗಲುತ್ತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಹುರಿದ ಅಡಿಕೆಗೂ 351 ರೂಪಾಯಿಯ ನಿಯಮವನ್ನು ಅನ್ವಯಿಸಿ ಆ ಕಿಂಡಿಯನ್ನು ಮುಚ್ಚಿತು. ಒಂದು ಕಿಂಡಿ ಮುಚ್ಚಿದಾಗ ಇಲಿ ಇನ್ನೊಂದನ್ನು ಕೊರೆಯುತ್ತದೆಂಬುದು ಉಗ್ರಾಣ ಇಟ್ಟವರಿಗೆಲ್ಲ ಗೊತ್ತು.

ಇದನ್ನು ಮನವಿಪತ್ರದಿಂದ ತಡೆಯಲಾಗದು. ಕಂಟೈನರ್ ತೆರೆಯಬೇಕು, ಗೋದಾಮಿನ ಬೀಗ ತೆಗೆಸಬೇಕು, ನಕಲಿ ಬಿಲ್ಲು ಬರೆಯುವವನ ಲೆಕ್ಕದ ಪುಸ್ತಕವನ್ನೂ ಕಂಪ್ಯೂಟರನ್ನೂ ವಶಪಡಿಸಿಕೊಳ್ಳಬೇಕು. ತಪಾಸಣೆಯ ಅಧಿಕಾರವೇ ಬೇಡವೆನ್ನುವ ಸದಸ್ಯರು ಇದನ್ನು ಮರೆಯಕೂಡದು.

ಕಾಯಿದೆ ಏನು ಹೇಳುತ್ತದೆ?

ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಕಾಯಿದೆಯನ್ನು ಓದದೆಯೇ ಹೆದರುತ್ತಾರೆ. ಅಷ್ಟಿಷ್ಟು ತಿಳಿದುಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ.

2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 67ನೆಯ ಸೆಕ್ಷನ್ನಿನ ಪ್ರಕಾರ ಶೋಧನೆಗೆ ಅಪ್ಪಣೆ ಕೊಡುವ ಅಧಿಕಾರಿ ಜಂಟಿ ಆಯುಕ್ತರ ದರ್ಜೆಗಿಂತ ಕೆಳಗಿನವರಾಗಿರಬಾರದು. ನಂಬಲು ಸಕಾರಣ ಇರಬೇಕು. ಅಪ್ಪಣೆ ಬರಹದಲ್ಲಿರಬೇಕು. ಬಾಗಿಲು ತೆರೆಯಲು ಒಪ್ಪದಿದ್ದರೆ ಬೀಗ ಒಡೆಯುವ ಅಧಿಕಾರವೂ ಅದೇ ಸೆಕ್ಷನ್ನಿನಲ್ಲಿದೆ. ವಶಪಡಿಸಿಕೊಂಡ ಮಾಲಿಗೆ ಪಟ್ಟಿ ಮಾಡಬೇಕು. ನಮ್ಮ ಪುಸ್ತಕಗಳ ನಕಲು ತೆಗೆದುಕೊಳ್ಳಲು ನಮಗೆ ಹಕ್ಕುಂಟು. ಮಾಲು ಹಿಡಿದು ಆರು ತಿಂಗಳೊಳಗೆ ನೋಟಿಸು ಕೊಡದಿದ್ದರೆ ಮಾಲನ್ನು ಹಿಂದಿರುಗಿಸಬೇಕು, ಸಕಾರಣವಿದ್ದಲ್ಲಿ ಮಾತ್ರ ಇನ್ನೊಂದು ಆರು ತಿಂಗಳು ಮುಂದುವರಿಸಬಹುದು. ಶೋಧನೆಗೆ ಕ್ರಿಮಿನಲ್ ಪ್ರಕ್ರಿಯೆಯ ನಿಯಮಗಳೇ ಅನ್ವಯಿಸುವುದರಿಂದ ಸ್ಥಳೀಯರಾದ ಇಬ್ಬರು ಗೌರವಸ್ಥ ಪಂಚರೂ ಮಹಜರೂ ಇರಬೇಕು.

ಬೆಳೆಗಾರರಿಗೆ ಇನ್ನೊಂದು ರಕ್ಷಣೆಯೂ ಇದೆ. ತನ್ನ ಜಮೀನಿನ ಉತ್ಪನ್ನವನ್ನು ಮಾರುವಷ್ಟರ ಮಟ್ಟಿಗೆ ಕೃಷಿಕನು ಈ ತೆರಿಗೆಗೆ ನೋಂದಣಿ ಮಾಡಿಸಬೇಕಾಗಿಲ್ಲ. ಹಸಿ ಅಡಿಕೆಗೂ ಹುರಿಯದ ಕಾಫಿ ಬೀಜಕ್ಕೂ ತೆರಿಗೆಯಿಲ್ಲ. ಒಣ ಅಡಿಕೆಗೆ ನೂರಕ್ಕೆ ಐದು. ಗೊಂದಲವೆಲ್ಲ ಹುಟ್ಟುವುದು ಈ ಐದರ ಸುತ್ತ.

ಶೋಧನೆ ಬೇರೆ, ರಸ್ತೆಯಲ್ಲಿ ಗಾಡಿ ತಡೆಯುವುದು ಬೇರೆ. ತೆರಿಗೆ ಬೀಳುವ ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಅದು ಇಲ್ಲದಿದ್ದರೆ, ತಪ್ಪಾಗಿದ್ದರೆ, 129ನೆಯ ಸೆಕ್ಷನ್ನಿನಡಿ ಗಾಡಿಯನ್ನು ತಡೆದಿಡಬಹುದು. ಹತ್ತು ಲಕ್ಷ ರೂಪಾಯಿಯ ಒಣ ಅಡಿಕೆಯೆಂದು ಇಟ್ಟುಕೊಳ್ಳೋಣ. ತೆರಿಗೆ 50,000. ಮಾಲೀಕನು ಮುಂದೆ ಬಂದರೆ ದಂಡ ತೆರಿಗೆಯ ಇಮ್ಮಡಿ, ಅಂದರೆ ಒಂದು ಲಕ್ಷ. ಮಾಲೀಕನು ಬಾರದಿದ್ದರೆ ಬೆಲೆಯ ಅರ್ಧ, ಅಂದರೆ ಐದು ಲಕ್ಷ. ತಡೆದ ಏಳು ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಏಳು ದಿನದೊಳಗೆ ಆದೇಶ ಆಗಬೇಕೆಂದು ಕಾಯಿದೆ ಹೇಳುತ್ತದೆ.

ನಮ್ಮ ಸಂಘಕ್ಕೇ ಇದರ ಅನುಭವವಾಗಿದೆ. ಕೆಲವು ವರ್ಷಗಳ ಹಿಂದೆ ಸದಸ್ಯರ ಅಡಿಕೆ ಹೇರಿಕೊಂಡು ಹೊರಟ ಲಾರಿ ಬಿಳಿಕೆರೆಯ ಹತ್ತಿರ ಕೆಟ್ಟು ನಿಂತಿತು. ಬೇರೊಂದು ಗಾಡಿಗೆ ಮೂಟೆ ಬದಲಾಯಿಸಿ ಕಳುಹಿಸಿದೆವು. ಹೊಸ ಗಾಡಿಯ ನಂಬರನ್ನು ಇ-ವೇ ಬಿಲ್ಲಿಗೆ ಸೇರಿಸುವುದನ್ನು ಮರೆತೆವು. ತಪ್ಪು ನಮ್ಮದೇ. ಆದರೆ ಗಾಡಿಯನ್ನು ತಡೆದ ಮೇಲೆ ಮೂರು ದಿನ ಒಂದು ತುಂಡು ಕಾಗದವನ್ನೂ ನಮಗೆ ಕೊಡಲಿಲ್ಲ. ಕೇಳಿದಾಗಲೆಲ್ಲ ‘ಸಾಹೇಬರು ಬರಲಿ’ ಎಂಬ ಉತ್ತರ. ನಾಲ್ಕನೆಯ ದಿನ ಮಳೆ ಬಂತು. ಟಾರ್ಪಾಲು ಹರಿದಿತ್ತು. ದಂಡ ಕಟ್ಟಿ ಬಿಡಿಸಿಕೊಂಡು ಬಂದಾಗ ಕೆಳಸಾಲಿನ ಮೂಟೆಗಳಿಗೆ ಬೂಷ್ಟು ಹತ್ತಿತ್ತು. ಅದರಲ್ಲಿ ಎರಡು ಮೂಟೆ ಅರ್ಧ ಎಕರೆ ತೋಟದ ಒಬ್ಬ ವಿಧವೆ ಸದಸ್ಯೆಯದು. ಆಕೆಗೆ ಇ-ವೇ ಬಿಲ್ ಎಂದರೇನೆಂದು ತಿಳಿಸಿ ಹೇಳಲು ನಮ್ಮಿಂದಾಗಲಿಲ್ಲ. ‘ಕಳ್ಳ ಮಾಲು ಅಂದ್ರಾ ಸ್ವಾಮಿ, ನಮ್ಮ ಅಡಿಕೇನ?’ ಎಂದಷ್ಟೇ ಕೇಳಿದರು.

ದಂಡದ ಬಗ್ಗೆ ನಮ್ಮ ದೂರಿಲ್ಲ. ಕಾಗದವಿಲ್ಲದ ಆ ಮೂರು ದಿನಗಳ ಬಗ್ಗೆ ಇದೆ. ಕಾಗದ ಕೊಟ್ಟಿದ್ದರೆ ಮೊದಲ ದಿನವೇ ಉತ್ತರ ಕೊಡಬಹುದಿತ್ತು. ಗಾಡಿಯನ್ನು 30 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಿಕೊಂಡರೆ ಸಾಗಣೆದಾರನು ಅದನ್ನು ಇ-ವೇ ಬಿಲ್ಲಿನ ಜಾಲದಲ್ಲೇ ದಾಖಲಿಸಬಹುದೆಂಬ ನಿಯಮವಿದೆಯೆಂದು ನಮಗೆ ತಿಳಿದದ್ದು ಇದೆಲ್ಲ ಮುಗಿದ ಮೇಲೆ.

ಲಗಾಮಿನಿಂದ ಕುದುರೆಗೇ ಲಾಭ

‘ಇಷ್ಟೆಲ್ಲ ಕಾರಣ, ಸಹಿ, ಪಂಚರು ಎಂದು ಕಟ್ಟಿಹಾಕಿದರೆ ಕಳ್ಳನನ್ನು ಹಿಡಿಯುವುದು ಹೇಗೆ?’ ಎಂದು ನಮ್ಮ ಹಿರಿಯ ನಿರ್ದೇಶಕರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಉತ್ತರ ಅಡಿಕೆಯ ವ್ಯಾಜ್ಯಗಳಲ್ಲೇ ಇದೆ.

1962ರ ಕಸ್ಟಮ್ಸ್ ಕಾಯಿದೆಯಲ್ಲಿ ಚಿನ್ನ, ಕೈಗಡಿಯಾರಗಳಂತಹ ಕೆಲವು ಸರಕುಗಳಿಗೆ ಮಾತ್ರ, ಇದು ಕಳ್ಳಮಾಲಲ್ಲವೆಂದು ರುಜುವಾತು ಮಾಡುವ ಹೊಣೆ ಹಿಡಿದಿಟ್ಟುಕೊಂಡವನ ಮೇಲಿದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಇದು ಹೊರದೇಶದ್ದೆಂದು ಇಲಾಖೆಯೇ ತೋರಿಸಬೇಕು. ಅಡಿಕೆಯ ಮೈಮೇಲೆ ದೇಶದ ಮುದ್ರೆ ಇರುವುದಿಲ್ಲ. ಬರಿಯ ಶಂಕೆಯ ಮೇಲೆ ಲಾರಿ ಹಿಡಿದ ಪ್ರಕರಣಗಳಲ್ಲಿ, ನಂಬಲು ಸಕಾರಣವೇ ಇರಲಿಲ್ಲವೆಂದು ಪಟ್ನಾ ಹೈಕೋರ್ಟು ಜಫ್ತಿಯನ್ನು ರದ್ದುಪಡಿಸಿದ್ದುಂಟು. ಆ ಲಾರಿಯಲ್ಲಿದ್ದದ್ದು ಪ್ರಾಮಾಣಿಕನ ಮಾಲಾದರೆ ಅವನಿಗೆ ಅನ್ಯಾಯವಾಗಿತ್ತು. ಕಳ್ಳನದಾದರೆ ಕಳ್ಳನು ಕೋರ್ಟಿನ ಆದೇಶ ಹಿಡಿದು ರಾಜಮಾರ್ಗದಲ್ಲೇ ಹೊರಟುಹೋದ. ಎರಡು ಪಕ್ಷದಲ್ಲೂ ನಷ್ಟ ಬೆಳೆಗಾರನಿಗೇ. ಆತುರದಲ್ಲಿ ನಡೆದ ಶೋಧನೆ ಕಳ್ಳನಿಗೆ ಕೊಟ್ಟ ರಹದಾರಿ.

ನಮ್ಮ ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ನಡೆದುಬಂದ ದಾರಿಯೂ ತಿಳಿಯತಕ್ಕದ್ದು. 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಶೋಧನೆಗೆ ಎದುರಾಗಿ ಖಾಸಗಿತನದ ಹಕ್ಕನ್ನು ನ್ಯಾಯಾಲಯ ಒಪ್ಪಲಿಲ್ಲ. 1973ರ ಕೊನೆಯಲ್ಲಿ ಪೂರಣ್ ಮಲ್ ಪ್ರಕರಣದಲ್ಲಿ, ಶೋಧನೆ ಕ್ರಮಬದ್ಧವಾಗಿರದಿದ್ದರೂ ಸಿಕ್ಕ ದಾಖಲೆಯನ್ನು ಸಾಕ್ಷ್ಯವಾಗಿ ಬಳಸಬಹುದೆಂದಿತು. ಮೊದಲನೆಯ ನಿಲುವು ಸಡಿಲಿದ್ದು ನಮ್ಮ ನಾಡಿಗೆ ನಂಟುಳ್ಳ ಎರಡು ಪ್ರಕರಣಗಳಲ್ಲಿ. ಮೊದಲನೆಯದು, ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನದು. ಮುದ್ರಾಂಕ ಶುಲ್ಕದ ನೆಪದಲ್ಲಿ ಕಲೆಕ್ಟರರು ನೇಮಿಸಿದ ಯಾವ ವ್ಯಕ್ತಿಯಾದರೂ ಬ್ಯಾಂಕಿನಲ್ಲಿರುವ ಗಿರಾಕಿಗಳ ಕಾಗದಗಳನ್ನು ತೆಗೆದು ನೋಡಬಹುದೆಂದು ಆಂಧ್ರ ಪ್ರದೇಶ ಮಾಡಿದ್ದ ತಿದ್ದುಪಡಿ 2004ರಲ್ಲಿ ಬಿದ್ದುಹೋಯಿತು. ಯಾರು, ಯಾವಾಗ, ಯಾವ ಕಾರಣಕ್ಕೆ ಎಂಬ ಕಟ್ಟುಪಾಡಿಲ್ಲದ ಅಧಿಕಾರ ನಿಲ್ಲದೆಂಬುದೇ ಆ ತೀರ್ಪಿನ ಸಾರ. ಎರಡನೆಯದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿ. 2017ರ ಆಗಸ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

ಇತ್ತೀಚೆಗೆ, 2025ರ ಫೆಬ್ರವರಿ 27ರಂದು ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ, ಕಸ್ಟಮ್ಸ್ ಮತ್ತು ಜಿ.ಎಸ್.ಟಿ. ಅಧಿಕಾರಿಗಳ ಬಂಧನಾಧಿಕಾರವನ್ನು ನ್ಯಾಯಾಲಯ ಎತ್ತಿಹಿಡಿದಿದೆ. ಜೊತೆಗೇ, ಕಾರಣಗಳನ್ನು ಬರೆದಿಡಬೇಕೆಂದೂ ಬಂಧನದ ಬೆದರಿಕೆಯಿಂದ ತೆರಿಗೆ ಕಟ್ಟಿಸಿಕೊಳ್ಳಕೂಡದೆಂದೂ ಹೇಳಿದೆ. ಅಧಿಕಾರವೂ ಇರಲಿ, ಲಗಾಮೂ ಇರಲಿ ಎಂಬ ಈ ನಿಲುವು ಬೆಳೆಗಾರರಿಗೆ ಒಪ್ಪತಕ್ಕದ್ದು.

ಇದು ನಮ್ಮ ದೇಶದ ಗೋಳು ಮಾತ್ರವೂ ಅಲ್ಲ. 1763ರಲ್ಲಿ ಇಂಗ್ಲೆಂಡಿನ ಸರ್ಕಾರ ಸೇಬಿನ ರಸವನ್ನು ಹುಳಿಸಿ ಮಾಡುವ ಸೈಡರ್ ಎಂಬ ಪಾನೀಯಕ್ಕೆ ಅಬಕಾರಿ ತೆರಿಗೆ ಹಾಕಿತು. ಅದನ್ನು ಮಾಡುತ್ತಿದ್ದವರು ಸೇಬಿನ ತೋಟದವರು, ತಮ್ಮ ಮನೆಯ ಹಿತ್ತಲಿನಲ್ಲಿ. ತೆರಿಗೆಗಿಂತ ಹೆಚ್ಚಾಗಿ, ಅಬಕಾರಿಯವನು ಮನೆಯೊಳಗೆ ಕಾಲಿಡುವುದೇ ಅವರನ್ನು ರೇಗಿಸಿತು. ಗಲಾಟೆಯಾಗಿ 1766ರಲ್ಲಿ ತೆರಿಗೆ ರದ್ದಾಯಿತು. ನಮ್ಮ ಹೊಗೆಸೊಪ್ಪಿನವರು ಮೂವತ್ತಾರು ವರ್ಷ ಕಾದದ್ದನ್ನು ಅವರು ಮೂರೇ ವರ್ಷದಲ್ಲಿ ಗೆದ್ದರು.

ನಮ್ಮ ಬೇಡಿಕೆಗಳು

ಮೇಲಿನ ಸಂಗತಿಗಳನ್ನೆಲ್ಲ ನೋಡಿ, ಸಂಘದ ವತಿಯಿಂದ ಈ ಕೆಳಗಿನ ಅಂಶಗಳನ್ನು ಸರ್ಕಾರದ ಮುಂದಿಡಬೇಕೆಂದು ನಮ್ಮ ಸಲಹೆ.

1. ಶೋಧನೆಯ ಬಲ ತೂಬಿನ ಬಳಿ ಇರಲಿ. ಗಡಿ, ಬಂದರು, ದೊಡ್ಡ ಗೋದಾಮು, ಪಾನ್ ಮಸಾಲೆ ಕಾರ್ಖಾನೆ, ಇವೇ ಅಡಿಕೆ ವ್ಯಾಪಾರದ ತೂಬುಗಳು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಸೆಸ್ ಕಾಯಿದೆ ಪಾನ್ ಮಸಾಲೆಯ ಯಂತ್ರಗಳ ಸಾಮರ್ಥ್ಯದ ಮೇಲೆ ಕರ ವಿಧಿಸುತ್ತದೆ. ಕರದ ಹೊರೆ ಕೊನೆಗೆ ಯಾರ ತಲೆಗೆ ಬೀಳುತ್ತದೆಂಬ ಆತಂಕ ನಮಗೂ ಇದೆ. ಆದರೂ ಅಂಗಳದ ಅಡಿಕೆ ಎಣಿಸುವುದಕ್ಕಿಂತ ಕಾರ್ಖಾನೆಯ ಯಂತ್ರ ಎಣಿಸುವುದು 1979ರ ಪಾಠಕ್ಕೆ ಹತ್ತಿರದ್ದು.

2. ಮನೆ, ಕಣ, ಒಣಗಿಸುವ ಅಂಗಳಗಳಿಗೆ ಬರುವ ಅಧಿಕಾರಿ ಬರಹದ ಅಪ್ಪಣೆಯನ್ನು ಮೊದಲು ತೋರಿಸಲಿ. ಕೇಂದ್ರದ ಮಂಡಳಿ 2019ರ ನವೆಂಬರ್‌ನಿಂದ ಶೋಧನಾ ಆದೇಶಗಳಿಗೆ ಗುರುತಿನ ಸಂಖ್ಯೆಯನ್ನು ಕಡ್ಡಾಯ ಮಾಡಿದೆ. ಆ ಸಂಖ್ಯೆಯನ್ನು ಪರಿಶೀಲಿಸುವುದು ಹೇಗೆಂಬುದನ್ನು ಅಪ್ಪಣೆಯಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಲಿ.

3. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧನೆಯ ಧ್ವನಿ-ದೃಶ್ಯ ಮುದ್ರಣಕ್ಕೆ ಅವಕಾಶವಿದೆ. ತೆರಿಗೆ ಶೋಧನೆಯಲ್ಲೂ ಅದು ತಪ್ಪದೆ ನಡೆಯಲಿ. ಒಳ್ಳೆಯ ಅಧಿಕಾರಿಗೂ ಅದು ರಕ್ಷಣೆ.

4. ರಸ್ತೆಯಲ್ಲಿ ಗಾಡಿ ತಡೆದ ದಿನವೇ ಕಾಗದ ಕೊಡಲಿ. ತಡೆದ ಕೃಷಿ ಉತ್ಪನ್ನಕ್ಕೆ ಚಾವಣಿಯಿರುವ ಜಾಗ ಕೊಡಲಿ. ವಾಹನದ ನಂಬರಿನ ಒಂದೆರಡು ಅಂಕಿಯಂತಹ ಸಣ್ಣ ತಪ್ಪಿಗೆ ಗಾಡಿ ತಡೆಯಬೇಡಿ, ಅಲ್ಪ ದಂಡ ಸಾಕೆಂದು 2018ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆಯಿದೆ. ಅದು ರಸ್ತೆಯಲ್ಲಿ ನಿಂತವರಿಗೂ ತಲುಪಲಿ.

5. ಶೋಧನೆಯ ಸ್ಥಳದಲ್ಲೇ ಹಣ ಕಟ್ಟಿಸಿಕೊಳ್ಳಬಾರದೆಂದು ಕೇಂದ್ರದ ಮಂಡಳಿ 2022ರ ಮೇ ತಿಂಗಳಲ್ಲಿ ಸೂಚನೆ ಕೊಟ್ಟಿದೆ. ಇದು ಎಲ್ಲ ಮಟ್ಟದಲ್ಲೂ ಪಾಲನೆಯಾಗಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೆಳೆದವನು ಯಾರಲ್ಲಿ ದೂರಬೇಕು?

ನಮ್ಮ ಕರ್ತವ್ಯ

ಬೇಡಿಕೆ ಬರೆಯುವುದು ಸುಲಭ. ಇನ್ನು ಮುಂದಿನದು ನಮಗೆ ಬರೆಯಲು ಕಷ್ಟವಾದದ್ದು.

ಹೊರದೇಶದ ಅಡಿಕೆ ಗಡಿ ದಾಟಿದ ಮಾತ್ರಕ್ಕೆ ಪೇಟೆಗೆ ಬರಲಾರದು. ಅದಕ್ಕೊಂದು ಊರು ಬೇಕು, ಒಂದು ತೋಟ ಬೇಕು, ಒಂದು ಪಹಣಿ ಬೇಕು. ‘ಇದು ಇಂಥ ಹೋಬಳಿಯ ಇಂಥ ರೈತನ ಅಡಿಕೆ’ ಎಂಬ ಒಂದು ಸುಳ್ಳು ಬೇಕು. ಆ ಸುಳ್ಳನ್ನು ಮಾರುವವರು ಗಡಿಯಲ್ಲಿಲ್ಲ, ನಮ್ಮ ನಡುವೆಯೇ ಇರುತ್ತಾರೆ. ದಲ್ಲಾಳಿಯ ಕೈಗೆ ಪಹಣಿಯ ನಕಲೂ ಬ್ಯಾಂಕಿನ ಖಾತೆಯ ನಂಬರೂ ಕೊಟ್ಟು, ಬೆಳೆಯದ ಅಡಿಕೆಗೆ ಹೆಸರು ಕೊಟ್ಟು, ಕಮಿಷನ್ ಪಡೆದವರನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಐದು ಪರ್ಸೆಂಟ್ ಉಳಿಯುತ್ತದೆಂದು ಬಿಲ್ಲಿಲ್ಲದೆ ಅಡಿಕೆ ಕೊಡುವವರೂ ಅದೇ ದಾರಿಯನ್ನು ತುಳಿದು ಹದಮಾಡುತ್ತಿದ್ದಾರೆ. ಬಿಲ್ಲಿಲ್ಲದ ಮೂಟೆಗಳ ರಾಶಿಯಲ್ಲಿ ನಮ್ಮ ಅಡಿಕೆ ಯಾವುದು, ಬರ್ಮಾದ ಅಡಿಕೆ ಯಾವುದು ಎಂದು ಬ್ರಹ್ಮನೂ ಹೇಳಲಾರ. ನಾಳೆ ಶೋಧನೆಯವರು ಬಂದಾಗ ಹಣ್ಣು ತಿಂದವನು ನುಣುಚಿಕೊಂಡು ಸಿಪ್ಪೆ ತಿಂದವನು ಸಿಕ್ಕಿಬೀಳುತ್ತಾನೆ.

ಈ ಪ್ರಲೋಭನೆ ನಮ್ಮ ಸಂಘದ ಮೇಜಿನ ಮೇಲೂ ಒಮ್ಮೆ ಬಂದಿತ್ತು. ಸಂಘದ ಒಣಗಿಸುವ ಕಣಕ್ಕೆ ಹಣ ಸಾಲದೆ ಕೆಲಸ ನಿಂತಿದ್ದ ವರ್ಷ ಅದು. ಹೊರಗಿನ ವ್ಯಾಪಾರಿಯೊಬ್ಬರು ಬಂದು, ‘ಒಂದಿಷ್ಟು ಲೋಡುಗಳು ನಿಮ್ಮ ಸಂಘದ ಬಿಲ್ಲಿನಲ್ಲಿ ಹೋಗಲಿ, ನಿಮ್ಮ ಸದಸ್ಯರ ಬೆಳೆಯೆಂದೇ ಬರೆಯಿರಿ, ಕಣದ ಖರ್ಚು ನನ್ನದು’ ಎಂದರು. ಮಾಲು ಎಲ್ಲಿಯದೆಂದು ಕೇಳಿದರೆ ‘ಅದೆಲ್ಲ ಯಾಕೆ ಸ್ವಾಮಿ’ ಎಂದರು. ಅಂದು ನಾವು ತಕ್ಷಣ ಇಲ್ಲವೆನ್ನಲಿಲ್ಲ. ವಿಷಯವನ್ನು ಆಡಳಿತ ಮಂಡಳಿಯ ಮುಂದಿಟ್ಟೆವು. ಇಡುವಾಗಲೇ ನಮ್ಮ ಮನಸ್ಸು ಹೌದೆನ್ನುವ ಕಡೆಗೆ ವಾಲಿತ್ತೆಂದು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಸಿಮೆಂಟಿನ ಕಣ ಕಣ್ಣಿಗೆ ಕಟ್ಟಿತ್ತು. ಸಭೆಯಲ್ಲಿ ವಾದ ನಡೆಯುತ್ತಿದ್ದಾಗ, ಅಷ್ಟು ಹೊತ್ತೂ ಸುಮ್ಮನಿದ್ದ ಹಿರಿಯ ಸದಸ್ಯರೊಬ್ಬರು ಒಂದೇ ಮಾತು ಹೇಳಿದರು: ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಅಣ್ಣಾ.’ ಆನೆಗಳ ಕಾಟದಲ್ಲೇ ಬದುಕುವ ನಮ್ಮೂರಿನಲ್ಲಿ ಆ ಮಾತಿಗೆ ಎಲ್ಲರೂ ನಕ್ಕರು. ನಕ್ಕ ಮೇಲೆ ಯಾರೂ ವಾದಿಸಲಿಲ್ಲ. ವ್ಯಾಪಾರಿಗೆ ಇಲ್ಲವೆಂದು ಕಾಗದ ಬರೆದೆವು. ಕಣ ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಮ್ಮ ಅಡಿಕೆ ಟಾರ್ಪಾಲಿನ ಮೇಲೆಯೇ ಒಣಗಿತು.

ಲಾರಿ ತಡೆದ ದಿನ ಆ ತಾಯಿ ಕೇಳಿದ ಪ್ರಶ್ನೆಗೆ ‘ಇಲ್ಲಮ್ಮ, ನಮ್ಮ ಅಡಿಕೆ ಕಳ್ಳಮಾಲಲ್ಲ’ ಎಂದು ತಲೆಯೆತ್ತಿ ಹೇಳಲು ನಮಗೆ ಸಾಧ್ಯವಾದದ್ದು ಆ ಸಭೆಯ ನಿರ್ಧಾರದಿಂದ. ಬೇರೆ ದಾರಿ ಹಿಡಿದಿದ್ದರೆ ಅಧಿಕಾರಿಗಳ ಮೇಲಿನ ನಮ್ಮ ದೂರುಗಳಲ್ಲಿ ಒಂದಕ್ಕೂ ತೂಕವಿರುತ್ತಿರಲಿಲ್ಲ.

ಆದಕಾರಣ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಅಡಿಕೆಯನ್ನು ಸಂಘದ ಮೂಲಕವಾಗಲಿ, ಮಂಡಿಯಲ್ಲಾಗಲಿ, ಬಿಲ್ಲು ಪಡೆದೇ ಮಾರತಕ್ಕದ್ದು. ಪಹಣಿಯ ನಕಲನ್ನೂ ಖಾತೆಯ ವಿವರವನ್ನೂ ಪರರಿಗೆ ಕೊಡಬಾರದು. ತೂಕದ ಚೀಟಿಗಳನ್ನು ಜೋಪಾನವಾಗಿಡಬೇಕು. ಅಧಿಕಾರಿ ಬಂದರೆ ಬಾಗಿಲು ಹಾಕಿಕೊಳ್ಳದೆ, ಕೂರಿಸಿ, ಅಪ್ಪಣೆ ಕೇಳಿ ಓದಿ, ಮಹಜರಿನ ನಕಲು ಪಡೆದು, ಕೂಡಲೇ ಸಂಘದ ಕಛೇರಿಗೆ ತಿಳಿಸಬೇಕು. ಓದದೆ ಯಾವುದಕ್ಕೂ ಸಹಿ ಹಾಕಬಾರದು. ಬಂದವರಿಗೆ ಕಾಫಿ ಕೊಡಿ. ಬತ್ತದ ಮೂಟೆಯ ‘ಮರ್ಯಾದೆ’ ನಮ್ಮ ತಂದೆಯವರ ಕಾಲಕ್ಕೇ ಮುಗಿಯಲಿ.

ಮೇಲಿನ ಐದು ಬೇಡಿಕೆಗಳನ್ನೂ ಸದಸ್ಯರ ಕರ್ತವ್ಯಗಳನ್ನೂ ಒಂದೇ ನಿರ್ಣಯವಾಗಿ ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಬೇಕೆಂದಿದ್ದೇವೆ. ಎರಡನ್ನೂ ಬೇರ್ಪಡಿಸಿ ಒಂದನ್ನು ಮಾತ್ರ ಅಂಗೀಕರಿಸಲು ನಾವು ಒಪ್ಪುವುದಿಲ್ಲ. ಸದಸ್ಯ ಬಾಂಧವರು ತಮ್ಮ ಅಭಿಪ್ರಾಯಗಳನ್ನು ಸಭೆಗೆ ಮುಂಚಿತವಾಗಿ ಬರೆದು ತಿಳಿಸಬೇಕಾಗಿ ಕೋರುತ್ತೇವೆ.